ಖಡ್ಗದ ಬೆನ್ನ ಮೇಲಿತ್ತು ಉತ್ತರ

ಡ್ಯುಸೆಲ್‌ಡಾರ್ಫ್‌ನ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಬಾಗಿದ ಖಡ್ಗವನ್ನು ಮಾರಿದವರು ‘ನೆಪೋಲಿಯನ್ ಕಾಲದ್ದು’ ಎಂದಿದ್ದರು. ಎರಡು ತಿಂಗಳು ನಾನೂ ಹಾಗೇ ನಂಬಿ, ಫ್ರೆಂಚ್ ತಯಾರಕರ ಮುದ್ರೆಗಳನ್ನೇ ಹುಡುಕುತ್ತಿದ್ದೆ. ಒಂದೂ ಹೊಂದಲಿಲ್ಲ.

ತುಕ್ಕನ್ನು ಉಜ್ಜಿ ತೆಗೆಯುವ ಆಸೆಯಾಗಿತ್ತು, ಸದ್ಯ, ಉಜ್ಜಲಿಲ್ಲ. ಉಜ್ಜಿದ್ದರೆ ಮುದ್ರೆಯೂ ಹೋಗುತ್ತಿತ್ತು. ಹೊಲಿಗೆ ಯಂತ್ರದ ಎಣ್ಣೆ ಸವರಿ, ರಾತ್ರಿಯಿಡೀ ಬಿಟ್ಟು, ಹತ್ತಿಬಟ್ಟೆಯಿಂದ ಒರೆಸಿದೆ. ಕೋಣೆಯ ದೀಪ ಆರಿಸಿ ಟಾರ್ಚನ್ನು ಅಲಗಿಗೆ ತೀರಾ ಓರೆಯಾಗಿ ಹಿಡಿದಾಗ, ಹಿಡಿಯ ಪಕ್ಕದಲ್ಲೇ ಉಗುರಿನಗಲದ ಎರಡು ತಲೆಗಳು ಎದ್ದುಬಂದವು: ಒಂದು ಕಿರೀಟದ ರಾಜ, ಇನ್ನೊಂದು ಶಿರಸ್ತ್ರಾಣ ತೊಟ್ಟ ಯೋಧ.

ಅಲ್ಲಿಂದ ಗಂಟು ಬಿಚ್ಚಿತು. ಖಡ್ಗ ತಯಾರಿಕೆಗೆ ಹೆಸರಾದ ಜರ್ಮನಿಯ ಜೋಲಿಂಗನ್‌ನಲ್ಲಿ ರಾಜನ ತಲೆ ವೈಯರ್ಸ್‌ಬರ್ಗ್ ಎಂಬ ತಯಾರಕ ಮನೆತನದ ಮುದ್ರೆ, ಯೋಧನ ತಲೆ ಕಿರ್ಶ್‌ಬೌಮ್ ಎಂಬ ಇನ್ನೊಬ್ಬ ತಯಾರಕನದ್ದು. 1883ರಲ್ಲಿ ಇಬ್ಬರೂ ಒಂದಾದರು, ಮುದ್ರೆಯೂ ಜೋಡಿಯಾಯಿತು. ಅಂದಮೇಲೆ ಖಡ್ಗ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ.

ಅಲಗಿನ ಮೊಂಡು ಬೆನ್ನನ್ನು ನಾನು ನೋಡಿಯೇ ಇರಲಿಲ್ಲ. ಅಲ್ಲಿ ಕಿರೀಟ, ಅದರ ಕೆಳಗೆ ಡಬ್ಲ್ಯೂ ಅಕ್ಷರ, ಮತ್ತೆ 90. ಆಗಿನ ಜರ್ಮನ್ ರಾಜ್ಯಗಳಲ್ಲಿ ಸೇನೆ ಒಪ್ಪಿಕೊಂಡ ಆಯುಧದ ಮೇಲೆ ದೊರೆಯ ಹೆಸರಿನ ಮೊದಲಕ್ಷರ, ಇಸವಿ ಒತ್ತುವುದು ರೂಢಿಯಾಗಿತ್ತು. ಡಬ್ಲ್ಯೂ ಎಂದರೆ ವಿಲ್‌ಹೆಲ್ಮ್; ಆ ಹೆಸರಿನ ದೊರೆಗಳು ಪ್ರಷ್ಯ, ವುರ್ಟೆಂಬರ್ಗ್ ಎಂಬ ಎರಡು ಜರ್ಮನ್ ರಾಜ್ಯಗಳಲ್ಲೂ ಇದ್ದರು. ಆದರೆ 1890ರಲ್ಲಿ ವುರ್ಟೆಂಬರ್ಗ್‌ನಲ್ಲಿ ಕಾರ್ಲ್ ಆಳುತ್ತಿದ್ದ; ವಿಲ್‌ಹೆಲ್ಮ್ ಇದ್ದದ್ದು ಪ್ರಷ್ಯದಲ್ಲಿ. ಆದ್ದರಿಂದ ಇದು ಪ್ರಷ್ಯದ ಸೇನೆಯದೇ.

ನೆಪೋಲಿಯನ್ ಕೈತಪ್ಪಿದ್ದಕ್ಕೆ ನನಗೆ ಬೇಸರವಿಲ್ಲ. ಇಸವಿ ಗೊತ್ತಾದ ಮೇಲೆ ಖಡ್ಗ ಇನ್ನಷ್ಟು ಹತ್ತಿರವಾಗಿದೆ. ಈಗ ಒರೆಯ ಬಾಯಿಯ ಬಳಿಯ ಸಣ್ಣ ಅಂಕಿಗಳನ್ನು ಓದುತ್ತಿದ್ದೇನೆ.