ಲೈನ್ ಕೊನೇ ಮನೆಗೆ ನೀರು ಮುಟ್ಟಿಸೋ ಲೆಕ್ಕ: ನನ್ನ ಅನುಭವ

2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದಷ್ಟು ಭಾಗಕ್ಕೆ ನೀರಿನ ಪೈಪ್‌ಲೈನ್ ಡಿಸೈನ್ ಮಾಡಿದ ತಂಡದಲ್ಲಿ ನಾನಿದ್ದೆ. ಹೊಸ ಬಡಾವಣೆ ಅಸೋಸಿಯೇಷನ್‌ನೋರು ಈಗ್ಲೂ ಕೇಳ್ತಿರ್ತಾರೆ, ಊರಿಗೆ ಕಾವೇರಿ ನೀರು ತರೋ ಯೋಜನೆಯ ಐದನೇ ಹಂತ ಬಂತಲ್ಲ, ಆದ್ರೂ ನಮ್ಮ ಬೀದಿ ಕೊನೇಲಿ ಯಾಕೆ ನೀರು ಬರಲ್ಲ ಅಂತ. ಅದಕ್ಕೆ ನಾವು ಹೇಗೆ ಮಾಡಿದ್ವಿ ಅಂತ ಬರೀತಿದೀನಿ.

ಮೊದಲು ಜನ ಎಷ್ಟು ಅಂತ ಗೊತ್ತಾಗಬೇಕು. 2011ರ ಜನಗಣತಿ ಇಟ್ಕೊಂಡು ಕೂತ್ರೆ ಆಗಲ್ಲ, ಆಗ ರಾಗಿ ಹೊಲ ಇದ್ದ ಕಡೆ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ನಾವು ಕರೆಂಟ್ ಮೀಟರ್ ಲೆಕ್ಕ, ಮಂಜೂರಾದ ಲೇಔಟ್ ನಕ್ಷೆ, ಖಾಲಿ ಸೈಟು ಎಲ್ಲಾ ಸೇರಿಸಿ ಬೀದಿ ಬೀದಿಗೂ ಲೆಕ್ಕ ಹಾಕಿದ್ವಿ, ಖಾಲಿ ಸೈಟನ್ನ ಮನೆ ಅಂತಾನೇ ಎಣಿಸಿದ್ವಿ ಯಾಕಂದ್ರೆ ನೆಲದಲ್ಲಿ ಹೂತ ಪೈಪು 30 ವರ್ಷ ಬಾಳಬೇಕು. ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದ್ರೆ ಒಂದು ಲಕ್ಷ ಜನಕ್ಕೆ 1.35 ಕೋಟಿ ಲೀಟರ್, ಅಂದ್ರೆ 13.5 ಎಂಎಲ್‌ಡಿ (ಒಂದು ಎಂಎಲ್‌ಡಿ ಅಂದ್ರೆ ದಿನಕ್ಕೆ ಹತ್ತು ಲಕ್ಷ ಲೀಟರ್), ಸೋರಿಕೆ 15 ಪರ್ಸೆಂಟ್ ಹೋದ್ರೆ ಬಿಡಬೇಕಾಗಿರೋದು 16ರ ಹತ್ತಿರ.

ಇಷ್ಟು ಲೆಕ್ಕ ಯಾರು ಬೇಕಾದ್ರೂ ಮಾಡ್ತಾರೆ, ಕಷ್ಟ ಶುರುವಾಗೋದು ಇದಾದ್ಮೇಲೆ. ದಿನವಿಡೀ ನೀರು ಬರೋ ಊರಲ್ಲಿ ಬೆಳಿಗ್ಗೆ ಎಲ್ಲರೂ ನಲ್ಲಿ ತಿರುಗಿಸಿದಾಗ ಫ್ಲೋ ಸರಾಸರಿಯ ಎರಡೂವರೆ ಪಟ್ಟು ಆಗುತ್ತೆ ಅಂತ ಹಿಡಿದು ಪೈಪ್ ಸೈಜ್ ಮಾಡ್ತೀವಿ. ಆದ್ರೆ ಅದೇ ದಿನದ ನೀರನ್ನ ವಾಲ್ವ್‌ಮ್ಯಾನ್ 3 ಗಂಟೇಲಿ ಬಿಟ್ರೆ ಫ್ಲೋ 8 ಪಟ್ಟು, ಮನೆ ಮನೆಗೂ ಸಂಪ್ ಇದೆ, ಎಲ್ಲಾ ಸಂಪೂ ಒಟ್ಟಿಗೆ ಬಾಯಿ ತೆರೀತವೆ. ಫ್ಲೋ ಜಾಸ್ತಿ ಆದ ಹಾಗೆ ಪೈಪೊಳಗಿನ ಘರ್ಷಣೆ ಅದಕ್ಕಿಂತ ಜೋರಾಗಿ ಏರುತ್ತೆ, ಎರಡೂವರೆ ಪಟ್ಟು ಫ್ಲೋ ಇದ್ದಾಗ ಆಗೋ ಘರ್ಷಣೆಗೆ ಹೋಲಿಸಿದ್ರೆ ಎಂಟು ಪಟ್ಟಿಗೂ ಮೇಲೆ, ಹಾಗಾಗಿ ಟ್ಯಾಂಕ್ ಪಕ್ಕದ ಮನೆ ಸಂಪು ತುಂಬಿ ತುಳುಕ್ತಾ ಇರುತ್ತೆ, ಕೊನೇ ಮನೇಲಿ ನಲ್ಲಿ ಬರೀ ಗಾಳಿ ಊದುತ್ತೆ. ಅವರು ಪಾಪ ಲೈನಿಗೇ ಮೋಟರ್ ಹಾಕ್ತಾರೆ, ಆಗ ಪೈಪಲ್ಲಿ ಪ್ರೆಶರ್ ಬಿದ್ದು ಜಾಯಿಂಟ್ ಸಂದೀಲಿ ಮೋರಿ ನೀರು ಒಳಗೆ ಎಳ್ಕೊಳ್ಳುತ್ತೆ. ಇದು ಆರೋಗ್ಯದ ವಿಷಯ, ಇದನ್ನ ಹಗುರವಾಗಿ ತಗೋಬೇಡಿ.

ಅದಕ್ಕೇ ಇಡೀ ಏರಿಯಾನ ಒಂದೇ ಜಾಲ ಮಾಡ್ಲಿಲ್ಲ. ಎತ್ತರ ತಗ್ಗು ಸರ್ವೆ ಮಾಡಿ, ದಿಣ್ಣೆಗೆ ಬೇರೆ ಕೆರೆ ಕಡೆಗೆ ಬೇರೆ ಅಂತ ಝೋನ್ ಕತ್ತರಿಸಿದ್ವಿ, ಒಂದೊಂದು ಝೋನಿಗೂ ನೀರು ಒಳಗೆ ಹೋಗೋ ಜಾಗ ಒಂದೇ, ಅಲ್ಲಿ ಇಡೀ ಝೋನಿನ ನೀರು ಅಳೆಯೋ ಒಂದು ಬಲ್ಕ್ ಮೀಟರ್. ರಾತ್ರಿ ಎರಡು ಗಂಟೇಲಿ ಸಂಪೆಲ್ಲ ತುಂಬಿ ಊರು ಮಲಗಿದ್ದಾಗ್ಲೂ ಆ ಮೀಟರ್ ಜೋರಾಗಿ ತಿರುಗ್ತಿದ್ರೆ ಸೋರಿಕೆ ಇದೆ ಅಂತಾನೇ ಅರ್ಥ. ಲೈನಿನ ತುದೀಲಿ ಎರಡು ಮಹಡಿ ಮನೆಗೆ ನೆಲಮಟ್ಟದಿಂದ 12 ಮೀಟರ್ ಎತ್ತರಕ್ಕೆ ನೀರು ಏರೋವಷ್ಟು ಪ್ರೆಶರ್ ಉಳೀಬೇಕು, ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದ್ರೂ ಇರಬೇಕು, ಈ ಎರಡನ್ನ ಹಿಡ್ಕೊಂಡು ನಾವು ತುದಿಯಿಂದ ಟ್ಯಾಂಕ್ ಕಡೆಗೆ ಹಿಂದಕ್ಕೆ ಲೆಕ್ಕ ಹಾಕ್ತಾ ಬಂದ್ವಿ.

ದುಡ್ಡು ಉಳಿಸೋಕೆ ಪೈಪ್ ಸೈಜ್ ಇಳಿಸಿ ಅಂತ ಒತ್ತಡ ಬಂದೇ ಬರುತ್ತೆ. 200 ಎಂಎಂ ಬದಲು 150 ಹಾಕಿದ್ರೆ ಅದೇ ಫ್ಲೋಗೆ ಘರ್ಷಣೇಲಿ ಕಳ್ಕೊಳ್ಳೋದು ಸುಮಾರು ನಾಲ್ಕು ಪಟ್ಟು, ಅಗೆಯೋ ಖರ್ಚು ಮಾತ್ರ ಹೆಚ್ಚು ಕಮ್ಮಿ ಅಷ್ಟೇ. ಈ ಒಂದು ವಿಷಯಕ್ಕೆ ಮೀಟಿಂಗಲ್ಲಿ ಗಟ್ಟಿಯಾಗಿ ನಿಲ್ಲಬೇಕು, ನಾವು ನಿಂತ್ವಿ.

ಇನ್ನು ಒಳಚರಂಡಿ. ಮನೆಗೆ ಹೋದ ನೀರಲ್ಲಿ 80 ಪರ್ಸೆಂಟ್ ಕೊಳಚೆಯಾಗಿ ವಾಪಸ್ ಬರುತ್ತೆ, ಕಾವೇರಿ ಮೊದಲು ಕೊಟ್ಟು ಯುಜಿಡಿ (ಒಳಚರಂಡಿ) ಆಮೇಲೆ ನೋಡೋಣ ಅಂದ್ರೆ ಅದು ರಾಜಕಾಲುವೆ ಹಿಡಿದು ಸೀದಾ ಕೆರೆಗೆ ಹೋಗುತ್ತೆ. ಎರಡೂ ನಕ್ಷೆ ಒಟ್ಟಿಗೇ ಮಾಡಿಸಿ.

2024ರ ಅಕ್ಟೋಬರಲ್ಲಿ ಉದ್ಘಾಟನೆ ಆದ ಐದನೇ ಹಂತ 775 ಎಂಎಲ್‌ಡಿದು, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಅಂತ ಪಂಪ್ ಮಾಡ್ತಾ ಸುಮಾರು 100 ಕಿಲೋಮೀಟರ್ ದೂರ ಹತ್ತಿಸಿ ತರೋ ನೀರು. ಅಷ್ಟು ಕರೆಂಟ್ ಸುಟ್ಟು ಬಂದಿದ್ದು ನಮ್ಮ ಬೀದಿ ಜಾಯಿಂಟಲ್ಲಿ ಸೋರಿಹೋದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮ ಲೇಔಟಿನೋರು ಈಗ್ಲೇ ಮಾಡಬಹುದಾದ್ದು ಅಂದ್ರೆ, ಎತ್ತರದ ಜಾಗದಲ್ಲಿ ಟ್ಯಾಂಕಿಗೆ ಅಂತ ಒಂದು ಸಿಎ ಸೈಟು (ಸಾರ್ವಜನಿಕ ಸೌಕರ್ಯಕ್ಕೆ ಅಂತ ಬಿಟ್ಟಿರೋ ಜಾಗ) ಕಾದಿರಿಸೋಕೆ ಲಿಖಿತವಾಗಿ ಕೇಳಿ, ಹಳೇ ಬೋರ್‌ವೆಲ್ ಮುಚ್ಚಬೇಡಿ, ರಸ್ತೆಗೆ ಡಾಂಬರು ಹಾಕೋ ಮುಂಚೆನೇ ಪೈಪು ಇಳಿಸೋ ಹಾಗೆ ವಾರ್ಡ್ ಇಂಜಿನಿಯರ್ ಹಿಂದೆ ಬೀಳಿ.