ಹಾಸನ, ಚಿಕ್ಕಮಗಳೂರಿನವರು ಹೊನ್ನಾವರ ನೋಡುವುದಾದರೆ

ಬೆಂಗಳೂರು–ಹೊನ್ನಾವರ ರಸ್ತೆ ನಮ್ಮ ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಮೇಲೆಯೇ ಹೋಗುತ್ತದೆ. ಆದರೂ ನಮ್ಮ ಕಡೆಯವರಿಗೆ ಸಮುದ್ರ ಅಂದರೆ ಮುರುಡೇಶ್ವರ, ಇಲ್ಲ ಗೋಕರ್ಣ. ಹೊನ್ನಾವರದ ಸೇತುವೆಯನ್ನು ಸುಮ್ನೆ ದಾಟಿಬಿಡುತ್ತಾರೆ. ಈ ಸಲ ಹಾಗೆ ಮಾಡಬೇಡಿ. ಎರಡು ರಾತ್ರಿ ಅಲ್ಲೇ ಉಳಿಯಿರಿ. ಶರಾವತಿ ಸಮುದ್ರ ಸೇರುವ ಊರು ಅದು. ಹೊಳೆ, ಕಡಲು, ಘಟ್ಟದ ಕಾಡು ಮೂರೂ ಒಂದೇ ಕಡೆ ಸಿಗುತ್ತವೆ, ಜನರ ಗದ್ದಲವೂ ಕಮ್ಮಿ.

ಯಾವಾಗ ಹೋಗಬೇಕು? ದಸರಾ ಕಳೆದು ಮಳೆ ನಿಂತ ಮೇಲೆ. ತೋಟ ಇರುವವರು ಕಾಫಿ ಕುಯ್ಲಿಗೆ ಮುಂಚೆ ಹೋಗಿಬನ್ನಿ, ಇಲ್ಲ ಕುಯ್ಲು ಮುಗಿಸಿಕೊಂಡು ಹೋಗಿ. ಶಿವರಾತ್ರಿ ದಾಟಿದರೆ ಸೆಕೆ ಏರುತ್ತದೆ, ಮಲೆನಾಡಿನ ಮೈಗೆ ಅದು ಒಗ್ಗುವುದು ಕಷ್ಟ. ಜೂನ್, ಜುಲೈನಲ್ಲಿ ಕಡಲಿಗೆ ಇಳಿಯುವ ಮಾತೇ ಬೇಡ. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ ಇರುತ್ತದೆ.

ಹಾಸನ, ಸಕಲೇಶಪುರದವರಿಗೆ ರೈಲೇ ಸುಲಭ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನದಲ್ಲಿ ಸಿಗುತ್ತದೆ, ಬೆಳಿಗ್ಗೆ ಹೊನ್ನಾವರದಲ್ಲಿ ಇಳಿಸುತ್ತದೆ. ಮಂಕಿ ದಾಟಿದ ಮೇಲೆ ಮಲಗಿರಬೇಡಿ, ಕಿಟಕಿ ಪಕ್ಕ ಕೂತುಕೊಳ್ಳಿ. ಶರಾವತಿ ಮೇಲಿನ ರೈಲು ಸೇತುವೆ 2 ಕಿ.ಮೀ.ಗಿಂತ ಜಾಸ್ತಿ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಕಡೂರು, ಬೀರೂರಿನವರು ತಾಳಗುಪ್ಪದ ರೈಲು ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಘಾಟಿ ಇಳಿಯಬಹುದು.

ಮೊದಲ ದಿನ ಹೊಳೆಯ ಕಡೆ ಹೋಗಿ. ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನಲ್ಲಿ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿನ ಒಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಇಲ್ಲಿಗೆ ಗಡಿಯಾರ ನೋಡಿ ಹೋಗುವುದಕ್ಕಿಂತ ಉಬ್ಬರ–ಇಳಿತ ಕೇಳಿಕೊಂಡು ಹೋಗುವುದು ಮೇಲು. ಉಳಿದುಕೊಂಡ ಮನೆಯವರಿಗೋ ದೋಣಿಯವರಿಗೋ ಕೇಳಿದರೆ ಹೇಳುತ್ತಾರೆ. ಇಳಿತದಲ್ಲಿ ಕೆಸರು ಬಯಲಾಗಿ ಬೇರುಗಳೆಲ್ಲ ಮೇಲೆ ಕಾಣುತ್ತವೆ, ಅವುಗಳ ನಡುವೆ ಏಡಿಗಳು ಓಡಾಡುತ್ತಿರುತ್ತವೆ, ಮೀನು ಹಿಡಿಯಲು ಕೊಕ್ಕರೆಗಳೂ ಬಂದಿರುತ್ತವೆ. ಉಬ್ಬರದಲ್ಲಿ ಅದೇ ಜಾಗ ನೀರು ತುಂಬಿ ಬೇರೆಯದೇ ಕಾಡಾಗುತ್ತದೆ. ದೋಣಿ ಒಳಗೆ ನುಗ್ಗುವುದು ಆಗಲೇ. ಹಾಗಾಗಿ ಇಳಿತದಲ್ಲಿ ಕಾಲುದಾರಿ, ಉಬ್ಬರದಲ್ಲಿ ದೋಣಿ. ಎರಡೂ ಆಗಲೇಬೇಕು. ಈ ಕಾಂಡ್ಲಾ ಗಿಡಗಳು ದಂಡೆ ಕೊಚ್ಚಿಹೋಗದಂತೆ ಹಿಡಿದಿಡುತ್ತವೆ, ಮೀನಿನ ಮರಿ ಬೆಳೆಯುವುದೂ ಇಲ್ಲೇ. ಒಂದು ಚಿಪ್ಸ್ ಪ್ಯಾಕೆಟ್ಟನ್ನೂ ಅಲ್ಲಿ ಬಿಟ್ಟು ಬರಬೇಡಿ, ದಯವಿಟ್ಟು.

ಸಮುದ್ರಕ್ಕೆ ಕಾಸರಕೋಡಿನ ಇಕೋ ಬೀಚ್ ಒಳ್ಳೆಯದು. 2020ರಲ್ಲಿ ಇದಕ್ಕೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಸ್ವಚ್ಛವಾಗಿದೆ, ಶೌಚಾಲಯ, ಸ್ನಾನದ ವ್ಯವಸ್ಥೆ ಇದೆ. ಕೆರೆಯಲ್ಲಿ ಈಜು ಕಲಿತವರು ಕಡಲೂ ಹಾಗೇ ಅಂದುಕೊಳ್ಳಬೇಡಿ, ಗಾರ್ಡ್ ಬೇಡ ಅಂದರೆ ಇಳಿಯಲೇಬೇಡಿ. ಚಳಿಗಾಲದಲ್ಲಿ ಕಾಸರಕೋಡಿನದೇ ಟೊಂಕದ ದಂಡೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮೊಟ್ಟೆ ಕಾಯಲು ಬಲೆ ಕಟ್ಟಿದ ಜಾಗ ಕಂಡರೆ ದೂರದಿಂದ ನೋಡಿ. ರಾತ್ರಿ ಟಾರ್ಚು, ಮೊಬೈಲ್ ಬೆಳಕು ಬಿಡಬೇಡಿ, ಬೆಳಕಿಗೆ ಮರಿಗಳು ದಾರಿ ತಪ್ಪುತ್ತವೆ.

ಅಪ್ಸರಕೊಂಡದ ಜಲಪಾತ ಚಿಕ್ಕದು. ಹೆಬ್ಬೆ ನೋಡಿದವರಿಗೆ ನೀರು ಕಮ್ಮಿ ಅನ್ನಿಸಬಹುದು, ಆದರೆ ಮೇಲಿನ ಗುಡ್ಡದಿಂದ ಕಾಣುವ ಕಡಲು ನಮ್ಮಲ್ಲಿ ಎಲ್ಲಿದೆ ಹೇಳಿ? ಇಡಗುಂಜಿ ಗಣಪತಿಯ ದರ್ಶನಕ್ಕೆ ಅರ್ಧ ದಿನ ಸಾಕು. ಯಕ್ಷಗಾನದ ರುಚಿ ಇದ್ದವರು ಗುಣವಂತೆಯಲ್ಲಿ ಆಟ ಇದೆಯಾ ಅಂತ ವಿಚಾರಿಸಿ. 1934ರಲ್ಲಿ ಶುರುವಾದ ಕೆರೆಮನೆ ಮೇಳದ ಊರು ಅದು.

ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ. ಮೀನು ತಿನ್ನುವವರು ಬಳಚು (ಚಿಪ್ಪಿನ ಮೀನು), ಶೆಟ್ಲಿ (ಸಿಗಡಿ) ಇದೆಯಾ ಕೇಳಿ. ತಿನ್ನದವರು ತಂಬುಳಿ, ಮಾವಿನಕಾಯಿಯ ಅಪ್ಪೆಹುಳಿ ಸಿಗುವ ಮನೆಯೂಟ ನೋಡಿಕೊಳ್ಳಿ.

ಕಾರಿನಲ್ಲಿ ಬಂದವರು ವಾಪಸ್ ಬರುವಾಗ ಗೇರುಸೊಪ್ಪೆಯಲ್ಲಿ ನಿಲ್ಲಲೇಬೇಕು. ಕಾಡಿನ ನಡುವೆ ಚತುರ್ಮುಖ ಬಸದಿ ಇದೆ, ನಾಲ್ಕು ದಿಕ್ಕಿಗೂ ಬಾಗಿಲು. ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರು. ಮೆಣಸು ಬೆಳೆಯುವ ನಮ್ಮವರು ನೋಡಬೇಕಾದ ಜಾಗ ಅಲ್ವಾ? ಘಾಟಿಯಲ್ಲಿ ನಿಧಾನಕ್ಕೆ ಓಡಿಸಿ. ಅದು ಸಿಂಗಳೀಕಗಳ ಕಾಡು, ಕಂಡರೂ ತಿಂಡಿ ಹಾಕಬೇಡಿ. ಕತ್ತಲಾಗುವ ಮುಂಚೆ ಘಾಟಿ ಹತ್ತಿಬಿಟ್ಟರೆ ಸಾಗರದಲ್ಲಿ ಊಟ ಮಾಡಿಕೊಂಡು ಆರಾಮಾಗಿ ಮನೆ ಸೇರಬಹುದು.