ಒಂದು ಮೊಟ್ಟೆ, ನಾಲ್ಕು ದಿನ, ಕಾಲು ಕೆಜಿ ಬೆಲ್ಲ

ದಸರಾ ರಜೆಗೆ ಅಕ್ಕನ ಇಬ್ಬರು ಮಕ್ಕಳು ಮಂಡ್ಯದ ನಮ್ಮ ಮನೆಗೆ ಬಂದಿದ್ದರು. ಮೈಸೂರಿಗೆ ಹೋಗಿ ದೀಪಾಲಂಕಾರ ನೋಡಿದ್ದಾಯಿತು, ಕೆಆರ್‌ಎಸ್‌ಗೂ ಹೋಗಿ ಬಂದದ್ದಾಯಿತು. ಮೂರನೇ ದಿನ ಇಬ್ಬರೂ ಮೊಬೈಲ್ ಹಿಡಿದು ಮೂಲೆ ಸೇರಿದರು. ಮೊಟ್ಟೆಯಲ್ಲಿ ಮಾಡುವ ಒಂದೆರಡು ವಿಜ್ಞಾನದ ಆಟ ತೋರಿಸೋಣ ಅಂತ ಅಂಗಡಿಯಿಂದ ಮೊಟ್ಟೆ ತರಿಸಿದೆ. ‘ತಿನ್ನೋ ಪದಾರ್ಥದಲ್ಲಿ ಆಟ ಆಡಬೇಡ ಕಣ್ಲಾ’ ಅಂತ ಅಮ್ಮ ಗೊಣಗಿದರು. ಆದರೆ ಕೊನೆವರೆಗೂ ದಿನಾ ಬೆಳಿಗ್ಗೆ ಮೊದಲು ಬಂದು ಜಾಡಿ ನೋಡುತ್ತಿದ್ದವರು ಅವರೇ.

ಬೇಕಾಗುವುದು ಇಷ್ಟೇ: ಎರಡು ಹಸಿ ಮೊಟ್ಟೆ (ಒಂದು ಒಡೆದರೆ ಇನ್ನೊಂದಿರಲಿ), ಒಂದು ಬೇಯಿಸಿದ ಮೊಟ್ಟೆ, ಬಿಳಿ ವಿನೆಗರ್ ಬಾಟಲಿ, ಪುಡಿ ಉಪ್ಪು, ಬೆಲ್ಲ, ಒಂದು ಮೊಳ ದಾರ, ಗಾಜಿನ ಜಾಡಿ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ. ಹುಳಿ ತಾಗಿದರೆ ಅವು ಕೆಡುತ್ತವೆ.

ಸುಲಭದ್ದು ಮೊದಲು. ಹಸಿ ಮತ್ತು ಬೇಯಿಸಿದ ಮೊಟ್ಟೆ ಎರಡನ್ನೂ ಮೇಜಿನ ಮೇಲೆ ಬುಗುರಿ ತರಹ ತಿರುಗಿಸಿ. ಬೆಂದದ್ದು ಜೋರಾಗಿ ಸುತ್ತುತ್ತದೆ, ಹಸಿಯದು ತೂರಾಡುತ್ತದೆ. ಈಗ ಬೆರಳಿಟ್ಟು ಎರಡನ್ನೂ ಒಂದು ಕ್ಷಣ ನಿಲ್ಲಿಸಿ, ಬಿಡಿ. ಹಸಿಯದು ತಾನಾಗಿ ಮತ್ತೆ ತಿರುಗಲು ಶುರುಮಾಡುತ್ತದೆ! ನೀವು ನಿಲ್ಲಿಸಿದ್ದು ಚಿಪ್ಪನ್ನು ಮಾತ್ರ, ಒಳಗಿನ ಲೋಳೆ ಇನ್ನೂ ಸುತ್ತುತ್ತಲೇ ಇತ್ತು ಅಲ್ವಾ.

ಆಮೇಲೆ ತೇಲಿಸುವ ಆಟ. ಒಂದು ಲೋಟ ನೀರಿಗೆ ಹಸಿ ಮೊಟ್ಟೆ ಬಿಡಿ, ಮುಳುಗುತ್ತದೆ. ತೆಗೆದು, ಉಪ್ಪು ಹಾಕಿ ಕಲಕಿ, ಮತ್ತೆ ಬಿಡಿ. ಕಾಲು ಲೀಟರ್ ನೀರಿಗೆ ಸುಮಾರು ಎರಡು ದೊಡ್ಡ ಚಮಚ ಉಪ್ಪು ಬೇಕಾದೀತು. ಉಪ್ಪು ಕರಗಿದ ನೀರು ಮೊಟ್ಟೆಗಿಂತ ಭಾರವಾದ ಕೂಡಲೇ ಮೊಟ್ಟೆ ಮೇಲೆ ಬರುತ್ತದೆ. ಉಪ್ಪಿಲ್ಲದ ನೀರಲ್ಲೇ ಮೊಟ್ಟೆ ತೇಲಿತೋ, ಅದು ಹಳೆಯದು. ಚಿಪ್ಪಿನಲ್ಲಿ ಸಾವಿರಾರು ಸಣ್ಣ ತೂತುಗಳಿವೆ, ದಿನ ಕಳೆದಂತೆ ಅವುಗಳ ಮೂಲಕ ಒಳಗಿನ ನೀರು ಆವಿಯಾಗಿ ಗಾಳಿ ಸೇರಿಕೊಳ್ಳುತ್ತದೆ.

ಈಗ ನಿಜವಾದ ಮಜಾ. ಅದೇ ಹಸಿ ಮೊಟ್ಟೆಯನ್ನು ತೊಳೆದು, ಹೊಟ್ಟೆಯ ಸುತ್ತ ದಾರ ಸುತ್ತಿ ಅಳತೆಗೆ ಗಂಟು ಹಾಕಿಡಿ. ಜಾಡಿಯಲ್ಲಿ ಇಟ್ಟು ಮುಳುಗುವಷ್ಟು ವಿನೆಗರ್ ಸುರಿಯಿರಿ. ಕೆಲವೇ ನಿಮಿಷದಲ್ಲಿ ಚಿಪ್ಪಿನ ತುಂಬಾ ಗುಳ್ಳೆ ಏಳುತ್ತದೆ. ಚಿಪ್ಪಿನಲ್ಲಿ ಹೆಚ್ಚು ಕಡಿಮೆ ಪೂರ್ತಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಸೀಮೆಸುಣ್ಣದ ಜಾತಿಯದು. ವಿನೆಗರ್‌ನ ಹುಳಿ ಅದನ್ನು ಕರಗಿಸಿ ಕಾರ್ಬನ್ ಡೈಆಕ್ಸೈಡ್ ಬಿಡಿಸುತ್ತದೆ. ಒಂದು ಚಿಪ್ಪಿನಿಂದ ಬರುವ ಗಾಳಿ ಎಷ್ಟು ಗೊತ್ತೇ? ಲೆಕ್ಕ ಹಾಕಿದರೆ ಒಂದು ಲೀಟರ್‌ಗೂ ಜಾಸ್ತಿ. ಈ ಲೆಕ್ಕ ನಾನು ಹಾಕಿದ್ದು ಆಮೇಲೆ. ವಾಸನೆ ಬರುತ್ತೆ ಅಂತ ಅಕ್ಕನ ಮಗಳು ಜಾಡಿಯ ಮುಚ್ಚಳ ಬಿಗಿದಿದ್ದಳು, ರಾತ್ರಿ ಹತ್ತು ಗಂಟೆಗೆ ಟಪ್ ಅಂತ ಅದು ಹಾರಿ ಅಕ್ಕಿ ಡಬ್ಬಕ್ಕೆ ಬಡಿಯಿತು. ಹಾಗಾಗಿ ಸುಮ್ನೆ ಒಂದು ತಟ್ಟೆ ಮುಚ್ಚಿಡಿ, ಸಾಕು.

ಮರುದಿನ ಹಳೆ ವಿನೆಗರ್ ಚೆಲ್ಲಿ ಹೊಸದು ಹಾಕಿ. ಇದನ್ನು ಬಿಟ್ಟರೆ ಚಿಪ್ಪು ಅರ್ಧಕ್ಕೇ ನಿಲ್ಲಬಹುದು, ಯಾಕೆಂದರೆ ಅಂಗಡಿ ವಿನೆಗರ್‌ನಲ್ಲಿ ಹುಳಿ ಇರುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ, ಒಂದು ಲೋಟದಲ್ಲಿರುವುದು ಒಂದು ಚಿಪ್ಪಿಗೇ ಖರ್ಚಾಗಿಬಿಡುತ್ತದೆ. ಎರಡನೇ ದಿನದ ಕೊನೆಗೆ ನಲ್ಲಿ ನೀರಲ್ಲಿ ಮೆಲ್ಲಗೆ ಉಜ್ಜಿ ತೊಳೆಯಿರಿ. ಕೈಯಲ್ಲಿ ಉಳಿಯುವುದು ಚಿಪ್ಪಿಲ್ಲದ, ತೆಳು ಪೊರೆಯ, ರಬ್ಬರಿನಂಥ ಮೊಟ್ಟೆ. ದೀಪ ಆರಿಸಿ ಹಿಂದಿನಿಂದ ಟಾರ್ಚ್ ಹಾಕಿ, ಹಳದಿ ಭಾಗ ನೆರಳಿನಂತೆ ಓಲಾಡುವುದು ಕಾಣುತ್ತದೆ. ದಾರ ಹಾಕಿ ನೋಡಿದರೆ ಗಂಟು ಮುಟ್ಟುವುದಿಲ್ಲ, ವಿನೆಗರ್‌ನಲ್ಲಿದ್ದ ನೀರು ಒಳಗೆ ಹೋಗಿ ಆಗಲೇ ಊದಿದೆ.

ಮೂರನೇ ದಿನ ಬೆಲ್ಲ. ಬೇರೆಯವರು ಸಕ್ಕರೆ ಪಾಕ ಅನ್ನುತ್ತಾರೆ, ಮಂಡ್ಯದವರಿಗೆ ಬೆಲ್ಲ ಇರುವಾಗ ಅದೇಕೆ? ಕಾಲು ಕೆಜಿ ಬೆಲ್ಲವನ್ನು ಅರ್ಧ ಲೋಟ ನೀರಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ. ಬಿಸಿ ಇದ್ದರೆ ಮೊಟ್ಟೆ ಬೆಂದುಹೋಗುತ್ತದೆ. ಪಾಕದಲ್ಲಿ ಮೊಟ್ಟೆ ತೇಲುತ್ತದೆ, ಅದಕ್ಕೆ ಆಗಾಗ ಮಗುಚಿ ಹಾಕುತ್ತಿರಿ. ಒಂದು ದಿನ ಕಳೆದು ತೆಗೆದರೆ ಬತ್ತಿದ ನಿಂಬೆಹಣ್ಣಿನಂತೆ ಸುಕ್ಕುಗಟ್ಟಿರುತ್ತದೆ. ಪೊರೆ ಒಂದು ಜರಡಿ ಇದ್ದಂತೆ. ನೀರಿನ ಕಣ ದಾಟುತ್ತದೆ, ಬೆಲ್ಲದ ದಪ್ಪ ಕಣಕ್ಕೆ ದಾರಿಯಿಲ್ಲ. ನೀರು ಕಮ್ಮಿ ಇರುವ ಪಾಕದ ಕಡೆಗೆ ಒಳಗಿನ ನೀರು ಹರಿದು ಬರುತ್ತದೆ. ಇದನ್ನು ಹೇಳುವಾಗ ಅಮ್ಮ, ‘ಉಪ್ಪಿನಕಾಯಿಗೆ ಉಪ್ಪು ಹಾಕಿದ್ರೆ ಮಾವಿನ ಹೋಳು ನೀರು ಬಿಡಲ್ವಾ, ಅದೇ ಅಲ್ವಾ’ ಅಂದರು. ಅದೇ.

ನಾಲ್ಕನೇ ದಿನ ತೊಳೆದು ಬರೀ ನೀರಲ್ಲಿ ಹಾಕಿ. ಮಾರನೇ ಬೆಳಿಗ್ಗೆಗೆ ಮತ್ತೆ ದುಂಡಗಾಗಿ ಬಿಗಿದುಕೊಂಡಿರುತ್ತದೆ.

ಇದನ್ನು ತಿನ್ನಬೇಡಿ, ದಿನಗಟ್ಟಲೆ ಹೊರಗಿದ್ದ ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದಿರಬಹುದು. ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಿರಿ. ಸೂಜಿಯಿಂದ ಚುಚ್ಚಿದರೆ ಪಿಚಕಾರಿಯಂತೆ ಚಿಮ್ಮುತ್ತದೆ, ಆ ಕೆಲಸ ಹಿತ್ತಲಲ್ಲೇ ಆಗಲಿ. ಅಕ್ಕನ ಮಗ ನಮ್ಮ ಹಾಲ್‌ನಲ್ಲಿ ಚುಚ್ಚಿದ. ಸೋಫಾ ಕವರನ್ನು ಎರಡು ಸಲ ಒಗೆದದ್ದಾಯಿತು.